ಸ್ಮಶಾನಕ್ಕೆ ಹೋಗದ ಸಾಕ್ಷಿ

1993ರ ಜೂನ್‌ನಲ್ಲಿ ನಾನು ಮುನ್ಸಿಫ್ ಆಗಿ ಅರಸೀಕೆರೆ, ಬೇಲೂರು ಸೀಮೆಗೆ ಬಂದೆ. ಮುನ್ಸಿಫ್ ಎಂದರೆ ಸಿವಿಲ್ ನ್ಯಾಯಾಲಯಗಳಲ್ಲಿ ಮೊದಲನೇ ಮೆಟ್ಟಿಲಿನ ನ್ಯಾಯಾಧೀಶರು. ಹುದ್ದೆಯ ಹೆಸರು ಆಮೇಲೆ ಬದಲಾಯಿತು. ಆ ಸೀಮೆಯ ಒಂದಕ್ಕಿಂತ ಹೆಚ್ಚು ನ್ಯಾಯಾಲಯಗಳಲ್ಲಿ ನಾನು ಕೂತಿದ್ದರಿಂದ ಈ ಪ್ರಕರಣ ಯಾವುದರದು ಎಂದು ಹೇಳುವುದಿಲ್ಲ. ಊರಿನ ಹೆಸರನ್ನೂ ಹೇಳುವುದಿಲ್ಲ, ಜನರ ಹೆಸರುಗಳನ್ನು ಬದಲಿಸಿದ್ದೇನೆ. ಇದರಲ್ಲಿ ಬರುವ ತಪ್ಪು ಮಾತ್ರ ನನ್ನದೇ, ಅದನ್ನು ಬದಲಿಸುವ ಹಾಗಿಲ್ಲ.

ಆಗ ನನಗೆ ಮೂವತ್ತೆರಡು ವರ್ಷ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು, ಒಂದು ಕಾಯಿಲೆಯೂ ಅಂಟಿಕೊಂಡಿತ್ತು. ನಾನು ಬರೆಯುವ ತೀರ್ಪು ಎಷ್ಟು ದಪ್ಪವಾದರೆ ನಾನು ಅಷ್ಟು ದೊಡ್ಡ ನ್ಯಾಯಾಧೀಶೆ ಎಂಬ ಕಾಯಿಲೆ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಹಳೆಯ ತೀರ್ಪುಗಳಿಂದ ಪುಟಗಟ್ಟಲೆ ಎತ್ತಿ ಬರೆಯುತ್ತಿದ್ದೆ. ಅವು ನನ್ನ ಮುಂದಿದ್ದ ದಾವೆಗೆ ಎಷ್ಟು ಹೊಂದುತ್ತವೆ ಎಂದು ಒಂದು ಸಾಲು ಬರೆಯುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಇಂಗ್ಲಿಷಿನಲ್ಲೇ ಬರೆಯುತ್ತಿದ್ದೆ. ಸಾಕ್ಷಿಗಳು ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಬರೆದುಕೊಂಡು, ಅದನ್ನು ನಂಬಿದೆನೋ ಇಲ್ಲವೋ ಎಂಬುದನ್ನು ಅವರಿಗೆ ತಿಳಿಯದ ಭಾಷೆಯಲ್ಲಿ ಹೇಳುತ್ತಿದ್ದೆ. ಆಗ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ನನ್ನ ತೀರ್ಪುಗಳನ್ನು ಟೈಪ್ ಮಾಡುತ್ತಿದ್ದವರು ಪುಟ್ಟಸ್ವಾಮಿ. ಊರು ಹಳೇಬೀಡು, ವಯಸ್ಸು ಐವತ್ತರ ಮೇಲೆ. ನಾನು ಛೇಂಬರಿನಲ್ಲಿ ಹೇಳುತ್ತಾ ಹೋಗುವುದು, ಅವರು ಎದುರಿಗೆ ಕೂತು ಯಂತ್ರದ ಮೇಲೆ ನೇರವಾಗಿ ಟೈಪ್ ಮಾಡುತ್ತಾ ಹೋಗುವುದು. ಮೂರು ಕಾರ್ಬನ್ ಹಾಳೆ ಇಟ್ಟು ಹೊಡೆಯಬೇಕಾದ್ದರಿಂದ ಒಂದೊಂದು ಅಕ್ಷರಕ್ಕೂ ಕೋಣೆ ಗುಡುಗುತ್ತಿತ್ತು. ಮಾತು ಬಹಳ ಕಡಿಮೆ. ನನಗಿಂತ ಮೊದಲು ಹದಿನಾಲ್ಕು ಮಂದಿ ನ್ಯಾಯಾಧೀಶರಿಗೆ ಟೈಪ್ ಮಾಡಿದ್ದರಂತೆ. ಅವರಲ್ಲಿ ಒಬ್ಬರ ಬಗ್ಗೆಯೂ ಒಳ್ಳೆಯ ಮಾತನ್ನಾಗಲಿ ಕೆಟ್ಟ ಮಾತನ್ನಾಗಲಿ ಅವರ ಬಾಯಿಂದ ಹೊರಡಿಸಲು ನನ್ನಿಂದ ಆಗಲಿಲ್ಲ.

ದಾವೆ 1990ರದು. ಹಾರನಹಳ್ಳಿಯಿಂದ ಟೆಂಪೋ ಹಿಡಿದು ಹೋಗಬೇಕಾದ ಒಂದು ಹಳ್ಳಿ. ಊರಾಚೆಯ ಕೇರಿಯ ಹನ್ನೆರಡು ಮನೆಗಳ ಪರವಾಗಿ ದಾವೆ ಹಾಕಿದವರು ಬೋರಯ್ಯ ಮೇಷ್ಟ್ರು. ನಿವೃತ್ತ ಪ್ರಾಥಮಿಕ ಶಾಲೆ ಉಪಾಧ್ಯಾಯರು. ಬೌದ್ಧ ಧರ್ಮಕ್ಕೆ ಸೇರಿದ ಕುಟುಂಬ, ಮಕ್ಕಳಿಬ್ಬರೂ ಸರ್ಕಾರಿ ನೌಕರಿಯಲ್ಲಿದ್ದರು. ಕೇರಿಯವರ ಸ್ಮಶಾನಕ್ಕೆ ಹೋಗುವ ಕಾಲುದಾರಿ ತಮ್ಮೇಗೌಡರೆಂಬುವರ ತೆಂಗಿನ ತೋಟದೊಳಗೆ ಹಾಯುತ್ತಿತ್ತು. 1989ರಲ್ಲಿ ಗೌಡರು ತೋಟಕ್ಕೆ ಮುಳ್ಳುತಂತಿಯ ಬೇಲಿ ಹಾಕಿ ದಾರಿ ಮುಚ್ಚಿದರು. ಆ ದಾರಿ ತಲೆತಲಾಂತರದ್ದು, ಅದನ್ನು ತೆರೆಸಿಕೊಡಿ ಎಂಬುದು ಮೇಷ್ಟ್ರ ಬೇಡಿಕೆ. ಹಾಗೊಂದು ತಲೆತಲಾಂತರದ ದಾರಿ ಇರಲೇ ಇಲ್ಲ, ಈಚೆಗೆ ಕೆಲವರು ನುಗ್ಗಿ ಓಡಾಡಿದ್ದಾರೆ ಅಷ್ಟೇ ಎಂಬುದು ಗೌಡರ ಉತ್ತರ. 1978ರಲ್ಲಿ ತೋಟ ಕೊಂಡ ಕ್ರಯಪತ್ರದಲ್ಲಿ ದಾರಿಯ ಮಾತಿಲ್ಲ, ಗ್ರಾಮ ನಕ್ಷೆಯಲ್ಲೂ ಇಲ್ಲ, ಹೆಣ ಒಯ್ಯಬೇಕಾದರೆ ಕೆರೆ ಏರಿಯ ಮೇಲೆ ಸುತ್ತಿ ಹೋಗಲಿ ಎಂದು ಅವರ ವಾದ. ಊರಿನವರ ಹೆಣವಾಗಿದ್ದರೆ ಈ ಬೇಲಿ ಏಳುತ್ತಿತ್ತೇ ಎಂಬ ಪ್ರಶ್ನೆ ಕೋರ್ಟ್ ಹಾಲಿನಲ್ಲಿ ಎಲ್ಲರ ಮನಸ್ಸಿನಲ್ಲೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಮೇಷ್ಟ್ರ ಕಡೆಯ ಮುಖ್ಯ ಸಾಕ್ಷಿ ಅವರ ಚಿಕ್ಕಮ್ಮ ಈರಮ್ಮ. ಎಪ್ಪತ್ತು ದಾಟಿದ, ಒಣಗಿದ ಮೈಯ ಹೆಂಗಸು. ಕಟಕಟೆಯ ಕಂಬಿ ಅವರ ಗದ್ದದ ಮಟ್ಟಕ್ಕೆ ಬರುತ್ತಿತ್ತು. ಕೋರ್ಟಿನಲ್ಲಿ ಯಾರನ್ನೂ 'ಬುದ್ಧಿ' ಎನ್ನಬಾರದು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರೆಂದು ಕಾಣುತ್ತದೆ. ಆ ಮಾತು ತುಟಿಗೆ ಬಂದಾಗಲೆಲ್ಲ ನುಂಗಿಕೊಂಡು 'ತಾಯಿ' ಎನ್ನುತ್ತಿದ್ದರು. ಗೌಡರ ತೋಟದೊಳಗೆ ದಾರಿ ಇತ್ತು, ತಾನು ಮದುವೆಯಾಗಿ ಬಂದಾಗಲಿಂದಲೂ ಇತ್ತು ಎಂದರು. ಕಡೆಯಲ್ಲಿ ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಿದರು.

"ನನ್ ಮಗನ್ನೂ ಆ ದಾರೀಲೇ ಒಯ್ದ್ರು, ನನ್ ಗಂಡನ್ನೂ ಅಲ್ಲೇ ಒಯ್ದ್ರು. ನನ್ನೂ ಅಲ್ಲೇ ಒಯ್ಲಿ ತಾಯಿ. ಇನ್ನೇನ್ ಬ್ಯಾಡ."

ಪಾಟೀ ಸವಾಲಿನಲ್ಲಿ ಗೌಡರ ವಕೀಲರು ಕೇಳಿದ್ದು ಒಂದೇ ಮುಖ್ಯ ಪ್ರಶ್ನೆ: "ನೀವು ಎಂದಾದರೂ ಆ ಸ್ಮಶಾನಕ್ಕೆ ಹೋಗಿದ್ದೀರಾ?" ಈರಮ್ಮ ಹೇಳಿದರು, "ಇಲ್ಲ." ವಕೀಲರು ಗೆದ್ದ ಮುಖದಲ್ಲಿ ಕೂತರು. ಮೇಷ್ಟ್ರ ವಕೀಲರು ಎದ್ದು ಮತ್ತೇನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

1994ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆಗೆ ನಾಲ್ಕು ದಿನ ಮೊದಲು, ತೀರ್ಪು ಬರೆಸಲು ಕೂತೆ. ರಜೆಯೊಳಗೆ ಹಳೆಯ ದಾವೆಗಳನ್ನು ಮುಗಿಸುವ ಆತುರ. ಮೂವತ್ತೆಂಟು ಪುಟ ಬಂತು, ಹದಿನೇಳು ಹಳೆಯ ತೀರ್ಪುಗಳ ಉಲ್ಲೇಖ. ಈರಮ್ಮನ ವಿಷಯಕ್ಕೆ ಬಂದಾಗ ಹೇಳಿದೆ: ಈ ಸಾಕ್ಷಿ ತಾನು ಸ್ಮಶಾನಕ್ಕೆ ಎಂದೂ ಹೋಗಿಲ್ಲವೆಂದು ಒಪ್ಪಿಕೊಂಡಿದ್ದಾರೆ, ಆದ್ದರಿಂದ ದಾರಿಯ ಬಗ್ಗೆ ಅವರು ಹೇಳುವುದು ಬರೀ ಕೇಳಿದ ಮಾತು, ಅದನ್ನು ನಂಬುವಂತಿಲ್ಲ.

ಯಂತ್ರ ನಿಂತಿತು. ನಾನು ಫೈಲಿನಿಂದ ತಲೆ ಎತ್ತಿ ನೋಡಿದರೆ ಪುಟ್ಟಸ್ವಾಮಿಯವರ ಎರಡೂ ಕೈ ಕೀಲಿಗಳ ಮೇಲೆ ಗಾಳಿಯಲ್ಲಿದ್ದವು. ಮುಖದಲ್ಲಿ ಏನೂ ಇರಲಿಲ್ಲ.

"ಏನಾಯ್ತ್ರೀ? ಹೊಡೀರಿ," ಎಂದೆ. ಅವರು ಹೊಡೆದರು.

ತೀರ್ಪು ಹೇಳುವ ದಿನ ಎಲ್ಲ ನ್ಯಾಯಾಧೀಶರಂತೆ ನಾನೂ ಕೊನೆಯ ಸಾಲು ಮಾತ್ರ ಓದಿದೆ: ದಾವೆ ವಜಾ. ಬೆಂಚ್ ಕ್ಲರ್ಕ್ ಮುಂದಿನ ಫೈಲು ಎತ್ತಿಕೊಟ್ಟಾಗಿತ್ತು. ಹಿಂದಿನ ಬೆಂಚಿನಿಂದ ಈರಮ್ಮ ಎದ್ದು ನಿಂತರು.

"ತಾಯಿ, ನಾನ್ ಯೋಳಿದ್ದು ಏನಾಯ್ತು?"

ದಲಾಯತ, ಎಂದರೆ ಕೋರ್ಟಿನ ಜವಾನ, ಅವರನ್ನು ಸುಮ್ಮನಿರಿಸಲು ಹೋದ. ನಾನು ಅವನನ್ನು ತಡೆದು, ಬಹಳ ದೊಡ್ಡ ಮನಸ್ಸು ಮಾಡಿದವಳ ಹಾಗೆ, "ಎಲ್ಲಾ ತೀರ್ಪಿನಲ್ಲಿ ಬರೆದಿದ್ದೀನಮ್ಮ. ನಕಲು ತಗೊಂಡು ಓದಿಸಿಕೊಳ್ಳಿ," ಎಂದೆ. ಅವರು ಕೈ ಮುಗಿದು ಹೋದರು. ಆ ಕೈಮುಗಿತ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೇಷ್ಟ್ರು ಮೇಲ್ಮನವಿ ಹೋದರು. 1995ರ ಆಗಸ್ಟ್‌ನಲ್ಲಿ ಕಡತ ನನ್ನ ಬಳಿಗೇ ವಾಪಸ್ ಬಂತು. ತೀರ್ಪನ್ನು ರದ್ದು ಮಾಡಿ, ಮತ್ತೆ ವಿಚಾರಣೆ ನಡೆಸಿ ಹೊಸದಾಗಿ ಬರೆಯಿರಿ ಎಂದು ಕೆಳಗಿನ ಕೋರ್ಟಿಗೆ ಕಳಿಸುವುದಕ್ಕೆ ನಮ್ಮಲ್ಲಿ ರಿಮ್ಯಾಂಡ್ ಎನ್ನುತ್ತಾರೆ. ಆ ಆದೇಶ ಎಷ್ಟಿತ್ತು ಎಂದರೆ ಒಂದೂವರೆ ಪುಟ. ಅದರ ತಿರುಳು ಇಷ್ಟೇ: ಸಾಕ್ಷಿ ಸ್ಮಶಾನಕ್ಕೆ ಹೋಗಿಲ್ಲ ಎಂದದ್ದು ನಿಜ, ಆದರೆ ಸ್ಮಶಾನಕ್ಕೆ ಹೋಗದವರಿಗೆ ಸ್ಮಶಾನದ ದಾರಿ ಗೊತ್ತಿರಲು ಸಾಧ್ಯವಿಲ್ಲ ಎಂದು ಮುನ್ಸಿಫರು ಯಾವ ಕಾರಣದಿಂದ ತೀರ್ಮಾನಿಸಿದರು ಎಂಬುದು ಮೂವತ್ತೆಂಟು ಪುಟಗಳಲ್ಲಿ ಎಲ್ಲೂ ಸಿಗುವುದಿಲ್ಲ.

ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಮೇಲಿನವರಿಗೆ ಹದಿನೇಳು ಉಲ್ಲೇಖ ಕಾಣಲಿಲ್ಲ, ಒಂದು ಸಾಲು ಕಂಡಿತೇ ಎಂದು ಒಳಗೊಳಗೇ ಕುದಿದೆ. ಮೂರನೇ ದಿನ ಆ ಸಾಲನ್ನು ಹುಡುಕಿ ಓದಿದಾಗ ನೆನಪಾಯಿತು, ಪುಟ್ಟಸ್ವಾಮಿಯವರ ಕೈ ನಿಂತದ್ದು ಅಲ್ಲೇ. ಅವರನ್ನು ಕರೆದು ಕೇಳಿದೆ.

"ಅವತ್ತು ಈ ಜಾಗದಲ್ಲಿ ಯಾಕೆ ನಿಲ್ಲಿಸಿದಿರಿ?"

ಅವರು ಹಾಳೆಯನ್ನೂ ನನ್ನನ್ನೂ ನೋಡಿದರು. "ನಾನು ಕೈ ನಿಲ್ಸೋದು ಎರಡೇ ಕಾರಣಕ್ಕೆ ಮೇಡಂ. ರಿಬ್ಬನ್ನು ಸಿಕ್ಕಿಹಾಕ್ಕೊಂಡ್ರೆ, ಇಲ್ಲಾ ಹಿಂದಿನ ಮಾತಿಗೂ ಮುಂದಿನ ಮಾತಿಗೂ ನಡುವೆ ಏನೋ ಬಿಟ್ಟುಹೋಗಿದೆ ಅನ್ನಿಸಿದ್ರೆ."

"ಅವತ್ತು ಯಾವುದು?"

"ಅವತ್ತು ರಿಬ್ಬನ್ನು ಹೊಸದು ಮೇಡಂ."

ಇಷ್ಟು ಹೇಳಿ ಹೊರಟೇಬಿಟ್ಟರು. ಬಿಟ್ಟುಹೋದದ್ದು ಏನು ಎಂದು ನಾನು ಕೇಳಲಿಲ್ಲ, ಕೇಳಬಾರದು. ಸಾಕ್ಷಿಗಳು ಕಟಕಟೆಯಲ್ಲಿ ಹೇಳಿದ್ದರ ಮೇಲೆ ತೀರ್ಮಾನ ಮಾಡಬೇಕೇ ಹೊರತು ಟೈಪಿಸ್ಟರು ಛೇಂಬರಿನಲ್ಲಿ ಹೇಳಿದ್ದರ ಮೇಲಲ್ಲ. ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹದಿನಾಲ್ಕು ಮಂದಿಯ ತೀರ್ಪುಗಳನ್ನು ಹೊಡೆದ ಆ ಮನುಷ್ಯ ಒಂದು ಅಭಿಪ್ರಾಯವನ್ನೂ ಹೇಳದೆ, ಬರೀ ಕೈ ಎತ್ತಿ ಹಿಡಿದು, ಮೇಲಿನ ನ್ಯಾಯಾಲಯ ಹದಿನಾರು ತಿಂಗಳ ನಂತರ ಹೇಳಿದ್ದನ್ನು ಅವತ್ತೇ ಹೇಳಿದ್ದರು.

ಬಿಟ್ಟುಹೋದದ್ದು ಹೊಳೆದದ್ದು ಮಾರನೆಯ ಬೆಳಿಗ್ಗೆ, ಅಕ್ಕಿ ಆರಿಸುತ್ತಾ ಕೂತಿದ್ದಾಗ. ನನ್ನ ತಂದೆ ತೀರಿಕೊಂಡದ್ದು 1987ರಲ್ಲಿ. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಅಮ್ಮ, ಅಕ್ಕ, ನಾನು ಬೀದಿಯ ತುದಿಯ ಬೋರ್‌ವೆಲ್ ಪಂಪಿನವರೆಗೆ ಹೋಗಿ ನಿಂತೆವು. ಅಪ್ಪನನ್ನು ಹೊತ್ತವರು ಗಿರಣಿಯ ಹಿಂದೆ ತಿರುಗಿ, ಗದ್ದೆ ಬದು ಹಿಡಿದು, ಸಣ್ಣ ಸೇತುವೆ ದಾಟಿದ್ದನ್ನು ಅಲ್ಲಿಂದಲೇ ನೋಡಿದೆ. ಆ ಸ್ಮಶಾನವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಆದರೆ ಆ ದಾರಿಯ ಒಂದೊಂದು ತಿರುವೂ ನನಗೆ ಗೊತ್ತು. ಯಾರಾದರೂ ನನ್ನನ್ನು ಕಟಕಟೆಗೆ ಹತ್ತಿಸಿ, ಸ್ಮಶಾನಕ್ಕೆ ಹೋಗಿದ್ದೀಯಾ ಎಂದು ಕೇಳಿದ್ದರೆ ನಾನೂ ಇಲ್ಲ ಎಂದೇ ಹೇಳುತ್ತಿದ್ದೆ. ಗಂಡಸರು ಬರೆದಿದ್ದರೆ ತಿಳಿಯಲಿಲ್ಲ ಎನ್ನಬಹುದಾಗಿತ್ತು. ಪಂಪಿನ ಹತ್ತಿರ ನಿಂತಿದ್ದ ನಾನೇ ಅದನ್ನು ಬರೆದಿದ್ದೆ.

ಸಾಕ್ಷಿಯನ್ನು ಯಾವ ಹಂತದಲ್ಲಾದರೂ ಮತ್ತೆ ಕರೆದು ಪ್ರಶ್ನೆ ಕೇಳುವ ಅಧಿಕಾರ ಸಿವಿಲ್ ನ್ಯಾಯಾಲಯಕ್ಕೆ ಇದೆ. ಅಕ್ಟೋಬರ್‌ನಲ್ಲಿ ಈರಮ್ಮನನ್ನು ಕರೆಸಿದೆ. ಒಂದೂವರೆ ವರ್ಷದಲ್ಲಿ ಇನ್ನಷ್ಟು ಕುಗ್ಗಿದ್ದರು. ಕಟಕಟೆಯೊಳಗೆ ಕುರ್ಚಿ ಹಾಕಿಸಿದೆ. ಪ್ರಶ್ನೋತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಂಡೆ.

"ಸ್ಮಶಾನಕ್ಕೆ ಹೋಗಿಲ್ಲ ಅಂದಿದ್ರಿ. ಹೆಣ ಎತ್ತಿದಾಗ ನೀವು ಎಲ್ಲಿವರೆಗೆ ಹೋಗ್ತಿದ್ರಿ?"

"ಕಲ್ ತಂಕ ತಾಯಿ."

"ಯಾವ ಕಲ್ಲು?"

"ಗೌಡ್ರ ತೋಟದ ಬಾವಿ ಪಕ್ಕ ಒಂದ್ ಚಪ್ಪಡಿ ಐತೆ. ಹೆಂಗಸ್ರು ಅಲ್ಲಿಂದ್ ಮುಂದಕ್ ಹೋಗಂಗಿಲ್ಲ. ಅಲ್ ಕುಂತ್ಕಂಡು ಅತ್ತು, ವಾಪಸ್ ಬತ್ತೀವಿ."

"ಎಷ್ಟು ಸಲ ಹೋಗಿದ್ದೀರಿ?"

"ಮೂರ್ ಸಲ. ಮಗನ್ಗೆ, ಗಂಡನ್ಗೆ, ಅತ್ತೆಗೆ."

"ಅಲ್ಲಿಂದ ಏನು ಕಾಣುತ್ತೆ?"

"ಎತ್ಕಂಡ್ ಹೋಗೋರ ಬೆನ್ನು ಕಾಣ್ತೈತೆ. ದೊಡ್ ಹುಣಸೇಮರದ ತಂಕ. ಆಮೇಕೆ ಕಾಣಾಕಿಲ್ಲ."

ಗೌಡರ ವಕೀಲರು ಎದ್ದರು. ಇಷ್ಟು ದಿನ ಕಲ್ಲಿನ ಮಾತನ್ನೇ ಯಾಕೆ ಎತ್ತಲಿಲ್ಲ, ಇದು ಈಗ ಹೇಳಿಕೊಟ್ಟದ್ದಲ್ಲವೇ ಎಂದು ಜೋರಾಗಿಯೇ ಕೇಳಿದರು.

"ಯಾರೂ ಕೇಳ್ನಿಲ್ವಲ್ಲ ಸ್ವಾಮಿ," ಎಂದರು ಈರಮ್ಮ. "ಹೋಗಿದ್ದೀಯಾ ಅಂತ ಕೇಳಿದ್ರಿ, ಇಲ್ಲ ಅಂದೆ. ಎಲ್ ತಂಕ ಹೋಗಿದ್ದೆ ಅಂತ ಕೇಳಿದ್ರೆ ಅವತ್ತೇ ಯೋಳ್ತಿದ್ದೆ."

ಆ ಉತ್ತರವನ್ನೂ ಅವರ ಮಾತಿನಲ್ಲೇ ಬರೆದುಕೊಂಡೆ. ಆ ಮುದುಕಿ ಮೊದಲ ದಿನದಿಂದ ಒಂದಕ್ಷರ ಹೆಚ್ಚಿಗೆ ಹೇಳಿರಲಿಲ್ಲ, ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಹೋಗಿದ್ದೇನೆ ಎಂದು ಒಂದು ಸುಳ್ಳು ಹೇಳಿದ್ದರೆ ದಾವೆ ಅವತ್ತೇ ಗೆಲ್ಲಬಹುದಿತ್ತು. ತನ್ನ ಹೆಣದ ದಾರಿಯೇ ಪಣಕ್ಕಿದ್ದಾಗಲೂ ಅವರು ಕೇಳಿದ್ದಕ್ಕಷ್ಟೇ, ಇದ್ದದ್ದನ್ನಷ್ಟೇ ಹೇಳಿದ್ದರು.

ನವೆಂಬರ್‌ನಲ್ಲಿ ಇಬ್ಬರ ವಕೀಲರನ್ನೂ ಕರೆದುಕೊಂಡು ಸ್ಥಳ ನೋಡಲು ಹೋದೆ. ತೋಟದ ಉತ್ತರದ ಅಂಚಿನಲ್ಲಿ ಬಾವಿ, ಬಾವಿಯ ಪಕ್ಕ ಚಪ್ಪಡಿ. ನಡುವೆ ನಾಲ್ಕೈದು ಮಂದಿ ಕೂರುವಷ್ಟು ಜಾಗ ನುಣ್ಣಗೆ ಸವೆದಿತ್ತು. ವಕೀಲರು ಬೇಲಿ ಅಳೆಯುತ್ತಿದ್ದಾಗ ನಾನು ಚಪ್ಪಡಿಯ ಮೇಲೆ ಕೂತೆ. ತೆಂಗಿನ ಸಾಲುಗಳ ನಡುವೆ ಹುಣಸೇಮರ ಕಂಡಿತು. ಅದರ ಆಚೆಗೆ ನೆಲ ಇಳಿಜಾರಾಗಿ ಏನೂ ಕಾಣಲಿಲ್ಲ. ಈರಮ್ಮ ಹೇಳಿದ್ದು ಹೇಳಿದ ಹಾಗೇ ಇತ್ತು.

ಆದರೆ ಅಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಕಲ್ಲಿನಿಂದ ಹುಣಸೇಮರಕ್ಕೆ ನೇರ ಗೆರೆ ಎಳೆದರೆ ಅದು ಗೌಡರ ಮನೆಯ ಬಾಗಿಲ ಮುಂದೆ ಹಾಯುತ್ತದೆ. ಮನೆ ಕಟ್ಟಿದ್ದು 1985ರಲ್ಲಿ. ಹೊಸ್ತಿಲಿಗೂ ದಾರಿಗೂ ಹನ್ನೆರಡು ಅಡಿ. ಗೌಡರು ಎತ್ತರದ ಆಳು, ಅಷ್ಟೂ ಹೊತ್ತು ಟವೆಲನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತಾ ಸುಮ್ಮನೆ ಹಿಂದೆ ಬರುತ್ತಿದ್ದರು. ಅಲ್ಲಿಗೆ ಬಂದಾಗ, "ಇಲ್ಲೊಂದ್ ಗಳಿಗೆ ನಿಂತ್ ನೋಡಿ ಮೇಡಂ," ಎಂದರು. ಬಾಗಿಲ ಒಳಗೆ ಅವರ ಸೊಸೆ ಕಂಬಕ್ಕೆ ಒರಗಿ ನಿಂತಿದ್ದಳು.

ವಾಪಸ್ ಬಂದು ಗೌಡರ ಹೇಳಿಕೆಯನ್ನು ಮತ್ತೆ ತೆಗೆದು ಓದಿದೆ. ಎರಡು ಸಾಲು ಇತ್ತು: ಸೊಸೆ ಬಸುರಿಯಾಗಿದ್ದಾಗ ಒಂದೇ ವಾರದಲ್ಲಿ ಎರಡು ಹೆಣ ಬಾಗಿಲ ಮುಂದೆ ಹೋದವು, ಆಮೇಲೆ ಬಸಿರು ನಿಲ್ಲಲಿಲ್ಲ, ಮಾರನೇ ತಿಂಗಳು ಬೇಲಿ ಹಾಕಿದೆ. ನಾನೇ ಬರೆದುಕೊಂಡ ಸಾಲುಗಳು. ನನ್ನ ಮೂವತ್ತೆಂಟು ಪುಟದಲ್ಲಿ ಅವುಗಳ ಸುದ್ದಿಯೇ ಇರಲಿಲ್ಲ. ಅವತ್ತು ಗೌಡರು ಗೆದ್ದಿದ್ದರು, ಆದರೆ ಗೆದ್ದವರು ಹೇಳಿದ್ದನ್ನೂ ನಾನು ಕೇಳಿಸಿಕೊಂಡಿರಲಿಲ್ಲ. ಮೂವತ್ತೆಂಟು ಪುಟ ನಾನು ಯಾರ ಬಗ್ಗೆ ಬರೆದೆ ಎಂದು ಆಗ ಕೇಳಿಕೊಂಡರೆ ಉತ್ತರ ಹೇಳಲು ಆಗುತ್ತಿರಲಿಲ್ಲ.

ಡಿಸೆಂಬರ್‌ನಲ್ಲಿ ಮತ್ತೆ ಬರೆಸಲು ಕೂತೆ, ಈ ಸಲ ಕನ್ನಡದಲ್ಲಿ. ಮೊದಲು ಗೌಡರ ವಾದವನ್ನು ಅವರ ವಕೀಲರಿಗಿಂತ ಚೆನ್ನಾಗಿ ಹೇಳಲು ಪ್ರಯತ್ನಿಸಿದೆ. ಕ್ರಯಪತ್ರ, ನಕ್ಷೆ, ಬಾಗಿಲು, ಸೊಸೆ, ಒಂದನ್ನೂ ಬಿಡಲಿಲ್ಲ. ಆಮೇಲೆ ಮೇಷ್ಟ್ರದು. ನಂತರ, ಇದರಲ್ಲಿ ಇಬ್ಬರಿಗೂ ಒಪ್ಪಿಗೆ ಇರುವುದು ಯಾವುದು, ಜಗಳ ನಿಂತಿರುವುದು ಯಾವ ಪ್ರಶ್ನೆಗಳ ಮೇಲೆ ಎಂದು ಬೇರ್ಪಡಿಸಿದೆ. ಮಾಡಿ ನೋಡಿದರೆ ಏಳು ವಿವಾದಾಂಶಗಳಲ್ಲಿ ಉಳಿದದ್ದು ಎರಡು: ಬೇಲಿ ಹಾಕುವ ಮೊದಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಜನ ಅಲ್ಲಿ ತಡೆಯಿಲ್ಲದೆ ಓಡಾಡಿದ್ದರೇ? ಓಡಾಡಿದ್ದರೆ, ಬಾಗಿಲ ಮುಂದೆಯೇ ಹೋಗಬೇಕೇ?

ಪುಟ್ಟಸ್ವಾಮಿ ನಾಲ್ಕು ಸಲ ಕೈ ನಿಲ್ಲಿಸಿದರು. ಒಂದು ಸಲ ನಾನು "ಈರಮ್ಮನವರ ಮಾತು ನಂಬಲು ಅರ್ಹವಾಗಿದೆ" ಎಂದು ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೆ. ಕೋಣೆ ನಿಶ್ಶಬ್ದವಾಯಿತು. ಈ ಸಲ 'ಹೊಡೀರಿ' ಎನ್ನಲಿಲ್ಲ. ಹಾಳೆ ತೆಗೆಸಿ, ಯಾಕೆ ಅರ್ಹ ಎಂದು ಹೇಳಿದೆ: ತನಗೆ ಲಾಭವಿಲ್ಲದ ಉತ್ತರವನ್ನೂ ಅವರು ಮುಚ್ಚಿಡಲಿಲ್ಲ, ಕಲ್ಲಿನಿಂದ ಎಲ್ಲಿಯವರೆಗೆ ಕಾಣುತ್ತದೆ ಎಂದರೋ ಸ್ಥಳದಲ್ಲಿ ಅಲ್ಲಿಯವರೆಗೇ ಕಾಣುತ್ತದೆ, ಅವರು ಹೇಳಿದ ಮೂರು ಸಾವುಗಳೂ ಪಂಚಾಯಿತಿಯ ಮರಣ ರಿಜಿಸ್ಟರಿನಲ್ಲಿ ಇವೆ, ಮೊದಲನೆಯದು 1958ರಲ್ಲಿ. ಯಂತ್ರ ಮತ್ತೆ ಗುಡುಗಿತು. ಆ ಸದ್ದು ಕೇಳಿ ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿಯಾಯಿತು.

ಗೌಡರ ಬಾಗಿಲಿನ ವಿಷಯವನ್ನು ಒಂಬತ್ತನೇ ಪ್ಯಾರಾದಲ್ಲಿ ಬರೆದೆ. ಹೆಣ ಹೋದದ್ದರಿಂದ ಬಸಿರು ನಿಲ್ಲಲಿಲ್ಲ ಎನ್ನಲು ಆಧಾರವಿಲ್ಲ, ಆದರೆ ಆ ಮನೆಯವರ ಸಂಕಟ ಸುಳ್ಳಲ್ಲ. ದಾರಿ ಮೊದಲಿತ್ತು, ಮನೆ ಆಮೇಲೆ ಬಂತು, ಆದ್ದರಿಂದ ಮನೆಗಾಗಿ ದಾರಿ ಮುಚ್ಚಲು ಆಗುವುದಿಲ್ಲ. ಹಾಗೆಂದು ಬಾಗಿಲ ಮುಂದೆಯೇ ಹೋಗಬೇಕಾದ ಅಗತ್ಯವೂ ಇಲ್ಲ. ಹಕ್ಕುದಾರರಿಗೆ ತೊಂದರೆಯಾಗದಿದ್ದರೆ ದಾರಿಯನ್ನು ಜಮೀನಿನ ಒಂದು ನಿಶ್ಚಿತ ಭಾಗಕ್ಕೆ ಸೀಮಿತ ಮಾಡಿಕೊಡಿ ಎಂದು ಕೇಳಲು ಮಾಲೀಕನಿಗೆ ಕಾಯ್ದೆಯೇ ಅವಕಾಶ ಕೊಡುತ್ತದೆ. ಗೌಡರ ವಕೀಲರು ಎರಡನೇ ವಿಚಾರಣೆಯಲ್ಲಿ ಅದನ್ನು ಕೇಳಿಯೂ ಇದ್ದರು. ಅಂತಿಮ ಆದೇಶವನ್ನು, ಜಾರಿ ಮಾಡಲು ಹೋಗುವ ಅಮೀನ ಅಲ್ಲಿ ನಿಂತು ಯಾರನ್ನೂ ಏನೂ ಕೇಳಬೇಕಾಗದ ಹಾಗೆ ಬರೆದೆ: ಬಾವಿ ಪಕ್ಕದ ಚಪ್ಪಡಿಯಿಂದ ಹೊರಟು, ಉತ್ತರದ ಬೇಲಿಯ ಅಂಚು ಹಿಡಿದು, ಎಂಟು ಅಡಿ ಅಗಲದಲ್ಲಿ, ಹುಣಸೇಮರದವರೆಗೆ. ಒಟ್ಟು ಹನ್ನೊಂದು ಪುಟ, ಎರಡು ಉಲ್ಲೇಖ.

1996ರ ಜನವರಿಯಲ್ಲಿ ಹನ್ನೊಂದು ಪುಟವನ್ನೂ ತೆರೆದ ನ್ಯಾಯಾಲಯದಲ್ಲಿ ಓದಿದೆ. ಮುಕ್ಕಾಲು ಗಂಟೆ ಹಿಡಿಯಿತು. ವಕೀಲರು ಗಡಿಯಾರ ನೋಡಿಕೊಂಡರು, ಒಬ್ಬರು ಆಕಳಿಸಿದರು. ಕಲ್ಲಿನ ವಿಷಯ ಬಂದಾಗ ಈರಮ್ಮ ಸೆರಗು ತಲೆಯ ಮೇಲೆಳೆದುಕೊಂಡರು. ಒಂಬತ್ತನೇ ಪ್ಯಾರಾ ಬಂದಾಗ, ಅದುವರೆಗೆ ನೆಲ ನೋಡುತ್ತಿದ್ದ ತಮ್ಮೇಗೌಡರು ತಲೆ ಎತ್ತಿದರು.

ಬೇಲಿ ತೆಗೆಯಲು ಎರಡು ತಿಂಗಳು ಕೊಟ್ಟಿದ್ದೆ. ಅವರು ಅಪೀಲು ಹೋಗುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು, ನಾನೂ ಕೂಡ. ಐದು ವಾರವಾದ ಮೇಲೆ ಒಂದು ಬೆಳಿಗ್ಗೆ ಗೌಡರೂ ಮೇಷ್ಟ್ರೂ ಒಟ್ಟಿಗೆ ಕೋರ್ಟಿಗೆ ಬಂದರು. ಬೇಲಿ ತೆಗೆದಾಗಿದೆ ಎಂದು ಇಬ್ಬರೂ ರುಜು ಹಾಕಿದ ಒಂದು ಮೆಮೊ ಕೊಟ್ಟರು. ದಾಖಲು ಮಾಡಿಕೊಂಡು ಸುಮ್ಮನಿರಬಹುದಿತ್ತು. ನನ್ನ ಕುತೂಹಲ ತಡೆಯಲಿಲ್ಲ. "ಅಪೀಲು ಹೋಗೋ ಹಕ್ಕು ನಿಮಗಿದೆ, ಗೊತ್ತಲ್ಲ ಗೌಡರೇ? ಯಾರೂ ಒತ್ತಾಯ ಮಾಡಿಲ್ಲ ತಾನೆ?" ಎಂದು ಕೇಳಿದೆ.

"ಗೊತ್ತೈತೆ ಮೇಡಂ," ಎಂದರು. "ನನ್ ಕಣ್ಗೆ ಪೊರೆ ಬಂದೈತೆ, ನಕಲು ತಗಂಡ್ರೂ ಓದಾಕಾಗಲ್ಲ. ವಕೀಲ್ರು ಓದಿದ್ರೆ ಅಪೀಲಿಗೆ ಹೋಗಂಗೆ ಓದ್ತಾರೆ. ನನ್ ಮಗ ಓದಿದ್ರೆ ಜಗಳಕ್ ಹೋಗಂಗೆ ಓದ್ತಾನೆ. ನಮ್ಮೂರಾಗೆ ಇದ್ದಿದ್ದ ಇದ್ದಂಗೆ ಓದೋರು ಮೇಷ್ಟ್ರು ಒಬ್ರೇಯ. ಅವ್ರ ಮನೆಗೇ ಹೋದೆ."

ನಾನು ಮೇಷ್ಟ್ರ ಕಡೆ ನೋಡಿದೆ. ಅವರು ತಲೆ ಬಗ್ಗಿಸಿ ನಿಂತಿದ್ದರು.

"ಜಗಲಿ ಮ್ಯಾಲೆ ಕುಂಡ್ರಿಸ್ಕಂಡು ಹನ್ನೊಂದ್ ಪುಟಾನೂ ಓದಿದ್ರು. ನನ್ ಬಾಗ್ಲಿನ್ ಇಸ್ಯ ಬಂತಲ್ಲ, ಅದ್ನ ಎರಡ್ ಸಲ ಓದಿದ್ರು. ನಾನ್ ಕೇಳ್ನಿಲ್ಲ, ಅವ್ರೇ ಓದಿದ್ರು. ಇಷ್ಟ್ ವರ್ಷ ಬಂದು ನಾನ್ ಯೋಳ್ದಿದ್ದು ಅದರಾಗೈತೆ. ಆಗಾಕಿಲ್ಲ ಅಂತಾನೂ ಐತೆ, ಯಾಕ್ ಆಗಾಕಿಲ್ಲ ಅಂತಾನೂ ಐತೆ. ಇನ್ ಯಾರ್ ತಾವ ಹೋಗಿ ಏನ್ ಕೇಳ್ಲಿ?"

ಆ ಕೇರಿಯ ಜಗಲಿಯ ಮೇಲೆ ಗೌಡರು ಕೂತದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು. ಸೋತವನು ತನ್ನ ಸೋಲನ್ನು ಓದಿಸಿಕೊಳ್ಳಲು ಗೆದ್ದವನ ಮನೆಗೆ ಹೋಗಿದ್ದ. ಗೆದ್ದವನು ತನಗೆ ವಿರುದ್ಧವಾಗಿದ್ದ ಮಾತನ್ನು ಒತ್ತಿ, ಎರಡು ಸಲ ಓದಿದ್ದ. ನಾನು ಕಾನೂನು ಓದಿದ್ದು, ಪರೀಕ್ಷೆ ಕಟ್ಟಿದ್ದು, ಕಪ್ಪು ಕೋಟು ತೊಟ್ಟದ್ದು ಎಲ್ಲ ಆ ಇಬ್ಬರ ಮುಂದೆ ಸಣ್ಣದಾಗಿ ಕಂಡಿತು. ಮೆಮೊದ ಮೇಲೆ ರುಜು ಹಾಕುವಾಗ ಕಣ್ಣು ಮಂಜಾಗಿ ನನ್ನ ಹೆಸರೇ ಸೊಟ್ಟಗಾಯಿತು.

ಆಮೇಲೆ ಬೇರೆ ಬೇರೆ ಊರುಗಳಿಗೆ ವರ್ಗವಾಯಿತು. 1998ರಲ್ಲಿ ಪುಟ್ಟಸ್ವಾಮಿಯವರಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಅವರು ಬರೆದ ಮೊದಲ ಮತ್ತು ಕೊನೆಯ ಪತ್ರ, ಅದೂ ಟೈಪ್ ಮಾಡಿದ್ದು. ಈರಮ್ಮ ತೀರಿಕೊಂಡರೆಂದೂ ತಾವು ಮಣ್ಣಿಗೆ ಹೋಗಿದ್ದಾಗಿಯೂ ತಿಳಿಸಿದ್ದರು. ಆದೇಶದಲ್ಲಿ ಇದ್ದಂತೆ ಎಂಟು ಅಡಿ ದಾರಿ ಇದೆ, ಅದಕ್ಕೆ ಗೇಟು ಹಾಕಿಲ್ಲ. ಹೆಂಗಸರು ಕಲ್ಲಿನವರೆಗೆ ಬಂದು ಕೂತರು. ಸ್ವಲ್ಪ ಹೊತ್ತಿಗೆ ಗೌಡರ ಸೊಸೆ ಕೈಕಾಲು ತೊಳೆಯಲೆಂದು ಒಂದು ಕೊಡ ನೀರು ತಂದು ಇಟ್ಟರು. ಇಟ್ಟು ವಾಪಸ್ ಹೋಗಲಿಲ್ಲ, ಅವರ ಜೊತೆಯಲ್ಲೇ ಕಲ್ಲಿನ ಮೇಲೆ ಕೂತು, ಹೊತ್ತವರು ಹುಣಸೇಮರ ದಾಟುವವರೆಗೂ ನೋಡುತ್ತಿದ್ದರು. ಇಷ್ಟೇ ಪತ್ರ. ಅದರಲ್ಲಿ ಅಭಿಪ್ರಾಯ ಎಂಬುದು ಒಂದೂ ಇರಲಿಲ್ಲ.

ನಿವೃತ್ತಿಗೆ ಮೊದಲು ಕೆಲವು ವರ್ಷ ಹೊಸ ನ್ಯಾಯಾಧೀಶರಿಗೆ ಪಾಠ ಮಾಡುವ ಅವಕಾಶ ಸಿಕ್ಕಿತು. ತೀರ್ಪು ಬರೆಯುವುದು ಹೇಗೆ ಎಂದು ಕೇಳಿದವರಿಗೆ ಈ ಕಥೆಯನ್ನು ಪೂರ್ತಿ ಹೇಳುತ್ತಿದ್ದೆ. ಕೊನೆಗೆ ಒಂದೇ ಮಾತು ಸೇರಿಸುತ್ತಿದ್ದೆ: ನೀವು ಬರೆದದ್ದನ್ನು ಸೋತವನು ಗೆದ್ದವನ ಬಾಯಲ್ಲಿ ಕೇಳಬೇಕಾಗಿ ಬರಬಹುದು, ಓದುವವನಿಗೆ ನಾಚಿಕೆಯಾಗಬಾರದು, ಕೇಳುವವನಿಗೆ ತಾನು ಹೇಳಿದ್ದು ಎಲ್ಲಿ ಹೋಯಿತು ಎನ್ನಿಸಬಾರದು. ಈರಮ್ಮ ಅವತ್ತು ಎದ್ದು ನಿಂತು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲದ ತೀರ್ಪನ್ನು ಆಮೇಲೆ ನಾನು ಬರೆದಿಲ್ಲ ಎಂದುಕೊಂಡಿದ್ದೇನೆ.

ಇದನ್ನು ನಾನೇ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಅದಕ್ಕೆ ಏನು ಹೇಳಿದರೂ ಹೊಡೆದುಕೊಂಡು ಹೋಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಹಾಗಾಗಿ ಆಗಾಗ ನಾನೇ ಕೈ ಎತ್ತಿ ಹಿಡಿದು ಕೂರುತ್ತೇನೆ.